ಗೋಲ್ಡ್ ಕಾರ್ಡ್ ಹೋದ ಮೇಲೆ

ಇನ್ನೊಬ್ಬರ ಮನೆಯ ಮಾತನ್ನು ಹೀಗೆ ಹೊರಗೆ ಹೇಳುವುದು ಸರಿಯೋ ಅಲ್ಲವೋ, ತಿಳಿಯದು. ಹೇಳುತ್ತಿದ್ದೇನೆ, ಕ್ಷಮಿಸಬೇಕು. ಎಲ್ಲಾದರೂ ತಪ್ಪಿದ್ದರೆ ಆ ತಪ್ಪು ನನ್ನದು.

"ಈ ಸಲ ಆಗುದಿಲ್ಲ, ರೇಚಲ್ ಬಾಯಿ," ಎಂದ ಲಿಗೋರಿ, ಗೇಟಿನ ಹೊರಗೇ ನಿಂತು.

ರೇಚಲ್ ಬಾಯಿ ಬಟ್ಟೆ ಸುತ್ತಿ ಹೊಲಿದ ಪೊಟ್ಟಣವನ್ನು ಹಿಡಿದುಕೊಂಡೇ ಇದ್ದರು. ದುಬೈಯಲ್ಲಿರುವ ಮಗ ಗೇವಿನ್‌ಗೆ ಒಣ ಸಿಗಡಿಯ ಚಟ್ನಿ, ಹಲಸಿನ ಹಪ್ಪಳ.

ಲಿಗೋರಿ ದುಬೈಯ ಒಂದು ಅಂಗಡಿಗೆ ಊರಿನ ಸಾಮಾನು ಖರೀದಿಸುವವನು. ಮಂಗಳೂರಿಗೆ ಆಗಾಗ ಬಂದುಹೋಗುವ ಅವನಿಗೆ ವಿಮಾನ ಕಂಪನಿ ಗೋಲ್ಡ್ ಕಾರ್ಡ್ ಕೊಟ್ಟಿತ್ತು. ಅದಕ್ಕೆ ಒಂದು ಬ್ಯಾಗ್ ಹೆಚ್ಚಿಗೆ, ಪುಕ್ಕಟೆ. ವಾಮಂಜೂರಿನ ಆ ರಸ್ತೆಯವರ ಪಾಲಿಗೆ ಆ ಬ್ಯಾಗ್ ಊರಿನದೇ. ಅವನು ಹೊರಡುವ ಮುನ್ನಾದಿನ ಗಲ್ಫಿನಲ್ಲಿ ಮಕ್ಕಳಿರುವ ಮನೆಗಳಿಂದ ಪೊಟ್ಟಣಗಳು ಬರುವುದು ರೂಢಿ.

"ರೂಲ್ಸ್ ಬದಲಾಯ್ತು ಬಾಯಿ. ಎಷ್ಟು ಸಲ ಹಾರಿದ್ದೇನೆ ಅಂತ ಇನ್ನು ನೋಡುದಿಲ್ಲವಂತೆ. ಎಷ್ಟು ಖರ್ಚು ಮಾಡಿದ್ದೇನೆ ಅಂತ ಮಾತ್ರ. ನನ್ನದು ಅಗ್ಗದ ಟಿಕೆಟ್. ಗೋಲ್ಡ್ ಹೋಯ್ತು, ಬ್ಯಾಗೂ ಹೋಯ್ತು."

ಪಕ್ಕದ ಮನೆಯ ಕುಶಲಾ ಟೀಚರ್ ಕಂಪೌಂಡಿನ ಮೇಲಿಂದ ಇಣುಕಿದರು. "ಇಷ್ಟು ವರ್ಷ ಹಾರಿದ್ದಕ್ಕೆ ಈಗ ಎಂತ ಉಂಟು ಲಿಗೋರಿಯವರೇ?"

"ಪಾಯಿಂಟ್ಸ್ ಉಂಟು ಟೀಚರ್. ಒಂದು ಸ್ಯಾಂಡ್‌ವಿಚ್ ಸಿಗಬಹುದು."

"ಅದನ್ನಾದ್ರೂ ಬಿಸಿ ಮಾಡಿ ಕೊಡ್ಲಿಕ್ಕೆ ಹೇಳಿ ಮಾರಾಯ್ರೆ!"

ಲಿಗೋರಿ ನಕ್ಕ. ಕಾರ್ಡ್ ಹೋದದ್ದು ಅವನಿಗೆ ನಿಜಕ್ಕೂ ಬಿಡುಗಡೆಯಾಗಿತ್ತು.

ಗೇವಿನ್ ಕಳೆದ ವರ್ಷವೇ ದುಬೈಯ ರೂಮು ಬಿಟ್ಟಿದ್ದ. ಫೋನ್ ಬಂದ್. ಎಲ್ಲಿದ್ದಾನೆಂದು ರೂಮಿನವರಿಗೂ ಗೊತ್ತಿರಲಿಲ್ಲ. ಆ ಸಲ ಊರಿಗೆ ಬಂದಾಗ ತಾಯಿಯ ಮುಖ ನೋಡಿ ಲಿಗೋರಿಗೆ ನಿಜ ಹೇಳಲು ಮನಸ್ಸಾಗಲಿಲ್ಲ. "ಕೊಟ್ಟೆ ಬಾಯಿ, ತುಂಬಾ ಖುಷಿ ಪಟ್ಟ," ಎಂದುಬಿಟ್ಟ. ಆಮೇಲೆ ಪ್ರತಿ ಸಲ ಅದೇ ಮಾತು. ಪೊಟ್ಟಣಗಳನ್ನು ಲಿಗೋರಿಯ ರೂಮಿನವರು ತಿಂದು ಮುಗಿಸುತ್ತಿದ್ದರು. ಮಗನ ಒಂದು ಫೋಟೊ ತಾ ಎಂದು ರೇಚಲ್ ಬಾಯಿ ಒಮ್ಮೆಯೂ ಕೇಳಲಿಲ್ಲ. ದೇವರ ದಯೆ ಎಂದುಕೊಂಡಿದ್ದ.

ಆದರೆ ಈಗ ರೇಚಲ್ ಬಾಯಿಯ ಮಗಳು ಸಿಂಥಿಯಾಳ ಮದುವೆ ನಿಶ್ಚಯವಾಗಿತ್ತು. ಸಂಬಂಧ ತಂದವರು ಕುಶಲಾ ಟೀಚರೇ. ಗಂಡಿನ ತಾಯಿ ಅವರ ಶಾಲೆಯಲ್ಲೇ ಟೀಚರ್. ಹುಡುಗಿಯ ಅಣ್ಣ ದುಬೈಯಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆ ಎಂದೇ ಅವರು ಒಪ್ಪಿದ್ದು. ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರಕ್ಕೆ, ತಂಗಿಯ ತಲೆಗೆ ತೆಂಗಿನ ಹಾಲು ಹಚ್ಚಲು ಅಣ್ಣ ಬಾರದಿದ್ದರೆ? ಈ ತಾಯಿಗೆ ಅವತ್ತು ಏನು ಹೇಳುವುದು?

"ಮದುವೆವರೆಗೆ ಆದ್ರೂ ತಕ್ಕೊಂಡು ಹೋಗು ಲಿಗೋರಿ," ಎಂದರು ರೇಚಲ್ ಬಾಯಿ. ಮುಖ ಬಿಳುಚಿತ್ತು. ಮರುಕ್ಷಣ ಕಂಪೌಂಡಿನ ಕಡೆ ನೋಡಿದರು, ಸ್ವರ ಏರಿತು. "ಅಲ್ಲಿ ನನ್ನ ಗೇವಿನ್ ಕಾಯ್ತಾ ಇರ್ತಾನೆ!"

ಲಿಗೋರಿಗೆ ತಡೆಯಲಾಗಲಿಲ್ಲ. "ಬಾಯಿ, ಒಳಗೆ ಹೋಗುವ. ಒಂದು ಮಾತು ಉಂಟು."

"ಒಳಗೆ ಬೇಡ. ಇಲ್ಲೇ ಹೇಳು."

ಅವನು ಕೇಳಲಿಲ್ಲ. ಗೇಟು ತಳ್ಳಿ, ಮೆಟ್ಟಿಲು ಹತ್ತಿ, ಹಿಂದೆಯೇ ಓಡಿಬಂದ ಅವರನ್ನು ಕುರ್ಚಿಯಲ್ಲಿ ಕೂರಿಸಿದ. ಬಾಗಿಲು ಮುಚ್ಚಿದ.

"ನನ್ನನ್ನು ಕ್ಷಮಿಸಿ ಬಾಯಿ. ಇಷ್ಟು ದಿನ ನಾನು ಹೇಳಿದ್ದೆಲ್ಲ ಸುಳ್ಳು. ಗೇವಿನ್ ದುಬೈಯಲ್ಲಿ ಇಲ್ಲ."

ರೇಚಲ್ ಬಾಯಿ ಅಳಲಿಲ್ಲ. ತಲೆ ತಗ್ಗಿಸಿದರು.

"ಮೆಲ್ಲ ಮಾತಾಡಿ ಅಂಕಲ್," ಎಂದ ಗೇವಿನ್, ಒಳಕೋಣೆಯ ಬಾಗಿಲಲ್ಲಿ ನಿಂತು. "ಕುಶಲಾ ಟೀಚರಿಗೆ ಕೇಳ್ತದೆ."

ಅವನು ಯಾವಾಗ ಬಂದಿದ್ದ, ಅಲ್ಲಿ ಅವನಿಗೆ ಏನಾಗಿತ್ತು ಎಂದು ನನಗೆ ಗೊತ್ತಿಲ್ಲ. "ತುಂಬಾ ಖುಷಿ ಪಟ್ಟ" ಎಂದು ಲಿಗೋರಿ ಹೇಳಿದಾಗಲೆಲ್ಲ ಆ ತಾಯಿಗೆ ಏನನ್ನಿಸುತ್ತಿತ್ತೋ, ಅದೂ ಗೊತ್ತಿಲ್ಲ.