ಸೋದರತ್ತೆಯ ಬಾಯಿಪಾಠ

“ಹ್ಲಾ ಅನ್ರಿ ಅಕ್ಕಾ. ಮೊದಲ ಉಸಿರು ಬಿಡ್ರಿ, ಆಮ್ಯಾಗ ನಾಲಿಗಿ ಹಚ್ಚ್ರಿ. ಹ್ಲಾ-ದ್ವಿ-ಕಾ.”

ಫೋನಿನಲ್ಲಿ ಕಾಳಗಿಯಿಂದ ತಮ್ಮನ ಹೆಂಡತಿ ಉಮಾದೇವಿ. ಇತ್ತ ಕೊಡ್ಲಿಯ ದನದ ಕೊಟ್ಟಿಗೆಯಲ್ಲಿ ಭೀಮಮ್ಮ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಉಸಿರು ಬಿಟ್ಟಳು. ನಾಲಿಗೆ ಹಚ್ಚಿದಳು. “ಹಲ್ವಾದಕ್ಕ.”

“ಹಲ್ವಾ ಅಲ್ರಿ, ಕೂಸಿನ ಹೆಸರದು. ಸೇಡಂದಿಂದ ಶಹಾಬಾದ ತನಕ ಹುಡುಕಿದ್ರೂ ಈ ಹೆಸರಿನಾಕಿ ಇನ್ನೊಬ್ಬಾಕಿ ಸಿಗಂಗಿಲ್ಲ. ತೊಟ್ಟಿಲದಾಗ ಹಾಕೋ ತನಕ ಯಾವ ಮನುಷ್ಯಾನ ಮುಂದೂ ಬಾಯಿ ಬಿಡಬ್ಯಾಡ್ರಿ, ಕದ್ದು ಇಟ್ಕೋತಾರ. ನಿಮಗ ಬರಂಗಿಲ್ಲಂದ್ರ ಈಗೇ ಹೇಳಿಬಿಡ್ರಿ, ಬಸವೇಶ್ವರಿ ಹೇಳ್ತಾಳ. ಅಕಿಗಿ ಒಂದೇ ಸಲಕ್ಕ ಬಂತು.”

ಭೀಮಮ್ಮನಿಗೆ ಚುರ್ರೆಂದಿತು. ಕೂಸಿನ ಕಿವಿಯಲ್ಲಿ ಹೆಸರು ಉಸುರುವ ಹಕ್ಕು ಸೋದರತ್ತೆಯದು, ಅದರಲ್ಲೂ ಹಿರಿಯಳದು. ದೇವಿಂದ್ರಪ್ಪ, ಖಂಡೆಪ್ಪ ಅಂತ ಮನೆತನದ ಹೆಸರುಗಳನ್ನೆಲ್ಲ ಕೂಸುಗಳ ಕಿವಿಗೆ ದಾಟಿಸಿದ ಬಾಯಿ ಇದು. ಈಗ ಚಿತ್ತಾಪುರದಲ್ಲಿ ಟೀಚರ್ ಆಗಿರುವ ತಂಗಿ ಬಸವೇಶ್ವರಿ ಬಂದು ಕಸಿದುಕೊಳ್ಳುವುದೇ?

ಮನುಷ್ಯರ ಮುಂದೆ ಬಾಯಿ ಬಿಡಬಾರದು, ಸರಿ. ಆದರೆ ಕೂಸಿಗೆ ಉಡುಗೊರೆ ಕೊಡಲೆಂದು ಎತ್ತಿಟ್ಟ ಎಮ್ಮೆಕರು ಮನುಷ್ಯರ ಸಾಲಿಗೆ ಬರುವುದಿಲ್ಲವಲ್ಲ. ಅದರ ಮುಂದೆ ಕುಂತು, ಉಮಾದೇವಿ ಕಳಿಸಿದ ವಾಯ್ಸ್ ಮೆಸೇಜ್ ಕೇಳಿ ಕೇಳಿ ಭೀಮಮ್ಮ ಬಾಯಿಪಾಠ ಶುರು ಮಾಡಿದಳು. ಹೆಸರು ತಪ್ಪಿದರೆ ಕರುವಿಗೆ ಹಿಂಡಿ ಇಲ್ಲ; ನೆಟ್ಟಗೆ ಬಂದರೆ ಒಂದು ಮುಷ್ಟಿ. ಪಾಠ ಅತ್ತೆಯದು, ಉಪವಾಸ ಕರುವಿನದು. ಬರಬರುತ್ತಾ ಅತ್ತೆಯ ನಾಲಿಗೆ ತಿರುಗಿತು, ಕರುವಿನ ಮೈ ತುಂಬಿತು.

ತೊಟ್ಟಿಲ ದಿನ ಕರುವನ್ನು ಟೆಂಪೋದಲ್ಲಿ ಕಾಳಗಿಗೆ ತಂದು, ಅಂಗಳದ ಗೂಟಕ್ಕೆ ಕಟ್ಟಿ ಒಳಗೆ ಹೋದಳು. ತೊಟ್ಟಿಲಿಗೆ ಬಾಗಿ, ಹೆಸರಿಗೆ ಮುಂಚೆ ಕೂಸಿನ ಕಿವಿಯಲ್ಲಿ ಅನ್ನುವ “ಕುರ್ರ್” ಅಂದದ್ದೇ ತಡ, ಪದ್ಧತಿಯಂತೆ ಹೆಂಗಸರು ಅವಳ ಬೆನ್ನಿಗೆ ಗುದ್ದತೊಡಗಿದರು. ಹೆಸರು ಗಟ್ಟಿಯಾಗಿ ಹೊರಬೀಳುವ ತನಕ ಗುದ್ದು ನಿಲ್ಲುವಂತಿಲ್ಲ. ಹಿಂದಿನ ಹೆಸರುಗಳು ಒಂದೆರಡು ಗುದ್ದಿಗೇ ಬೀಳುತ್ತಿದ್ದವು. ಬಸವೇಶ್ವರಿಯಂತೂ ಕೈಬಳೆ ಹಿಂದೆ ಸರಿಸಿಕೊಂಡು ಗುದ್ದುತ್ತಿದ್ದಳು.

“ಹಲ್... ಹಲ್ವಾ...”

“ಅಕ್ಕಗ ಹಸಿವಾಗ್ಯಾದ,” ಅಂದಳು ಬಸವೇಶ್ವರಿ. “ಸರಿ ಅಕ್ಕಾ, ನಾ ಹೇಳ್ತೀನಿ.”

“ನೀ ಗುದ್ದೋದಷ್ಟ ಗುದ್ದು.”

ಭೀಮಮ್ಮ ಕಣ್ಣು ಮುಚ್ಚಿ ಕೊಟ್ಟಿಗೆಯನ್ನು ನೆನೆದಳು. ಬಲಗೈ ತಾನಾಗಿಯೇ ಹಿಂಡಿ ಹಿಡಿದಂತೆ ಮುಷ್ಟಿ ಕಟ್ಟಿತು. “ಹ್ಲಾದ್ವಿಕಾ.”

ಮುತ್ತಿನಂಥ ಉಚ್ಚಾರ. ಉಮಾದೇವಿಯ ಮುಖ ಅರ್ಧ ಅರಳಿತ್ತು, ಅಷ್ಟರಲ್ಲಿ ಅಂಗಳದಿಂದ “ಒಂಯ್ಯ್” ಅಂತ ಓಗೊಟ್ಟದ್ದು ಕೇಳಿಸಿತು. ಗೂಟ ಕಿತ್ತ ಸದ್ದಾಯಿತು. ಹಗ್ಗದ ಹಿಂದೆ ಗೂಟವನ್ನೂ ಎಳೆದುಕೊಂಡು ಕರು ಹೊಸ್ತಿಲು ದಾಟಿ, ರೇಷ್ಮೆ ಸೀರೆಗಳ ನಡುವೆ ದಾರಿ ಮಾಡಿಕೊಂಡು ನೆಟ್ಟಗೆ ಬಂದು ಭೀಮಮ್ಮನ ಮುಷ್ಟಿಗೆ ಮೂತಿ ಇಟ್ಟಿತು.

ಕೂಸು ಮಾತ್ರ ಗೊರಕೆ ಹೊಡೆಯುತ್ತಿತ್ತು.

“ಅಕ್ಕಾ,” ಉಮಾದೇವಿಯ ದನಿ ಸಣ್ಣಗಾಗಿತ್ತು, “ಇದರ ಹೆಸರೇನ್ರಿ?”

“ಇದಕ್ಕೆಲ್ಲಿ ಹೆಸರವ್ವಾ? ಈಗ ಇಡ್ಲಾಕತ್ತೀನಿ ನೋಡು.” ಭೀಮಮ್ಮ ಇದ್ದಿಲಿನಂಥ ಆ ಕರುವಿನ ಕಿವಿಗೆ ಬಾಗಿ, “ಕುರ್ರ್... ಗೌರಿ,” ಅಂದಳು.

ಕರು ತಿರುಗಿಯೂ ನೋಡಲಿಲ್ಲ.

ಹಿಂದಿನಿಂದ ಬಸವೇಶ್ವರಿ ಮುಷ್ಟಿ ಎತ್ತಿದಳು. “ಗುದ್ದಲೇನು ಅಕ್ಕಾ?”