ಹಿಂದಿನ ಮನೆಯ ಬಲ್ಬು

ಕಲ್ಯಾಣಪ್ಪನ ಹೊಸ ಕಟ್ಟಡದ ಕೊನೆಯ ಕೋಣೆಯ ಮೂಲೆಗೆ ಹೋಗಿ ನಿಂತು ನರಸಪ್ಪ ಪೇಪರು ಬಿಚ್ಚಿದ. ಮಧ್ಯಾಹ್ನ ಹನ್ನೆರಡು ಗಂಟೆ. ಅತಿ ಸಣ್ಣ ಅಕ್ಷರದ ಪೇಟೆ ಧಾರಣೆಯನ್ನೂ ದೀಪವಿಲ್ಲದೆ ಓದಲು ಬಂತು. ಕೆಳಗಿನ ಆರು ಅಂಗಡಿ, ಮೇಲಿನ ಎಂಟು ಬಾಡಿಗೆ ಕೋಣೆ, ಎಲ್ಲ ಕಡೆಯೂ ಹೀಗೇ ಆಗಿತ್ತು. ನರಸಪ್ಪ ಕರೆಂಟ್ ಆಫೀಸಿನ ಸೂಪರ್‌ವೈಸರ್. ಆ ವರ್ಷ ಕರೆಂಟಿನ ಕೊರತೆ ಎಷ್ಟಿತ್ತೆಂದರೆ, ಹಗಲು ದೀಪ ಹಚ್ಚುವ ಪ್ರಮೇಯವೇ ಬಾರದಂತೆ ಕಟ್ಟಿದ ಹೊಸ ಕಟ್ಟಡಗಳಿಗೆ ಎರಡು ವರ್ಷ ಬಿಲ್ಲಿನಲ್ಲಿ ಕಾಲುಭಾಗ ರಿಯಾಯಿತಿ ಕೊಡಬೇಕೆಂದು ಮೇಲಿನಿಂದ ಹುಕುಂ ಬಂದಿತ್ತು. ಶಹಾಬಾದದಲ್ಲಿ ಅದಕ್ಕೆ ಅರ್ಜಿ ಹಾಕಿದವನು ಕಲ್ಯಾಣಪ್ಪ ಒಬ್ಬನೇ.

ಕಲ್ಯಾಣಪ್ಪ ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರಿ. ತಿಂಗಳುಗಟ್ಟಲೆ ಗೌಂಡಿಗಳ ಜೊತೆ ಬಿಸಿಲಲ್ಲಿ ನಿಂತು, ಬೆಳಕು ಎಲ್ಲಿಂದ ಬರುತ್ತದೆಂದು ನೋಡಿ ನೋಡಿ ಕಿಟಕಿ ಇಡಿಸಿದ್ದ. ಮನಸ್ಸಿಗೆ ಬಾರದ ಎರಡನ್ನು ಒಡೆಸಿ ಮತ್ತೆ ಕಟ್ಟಿಸಿದ್ದ. ಈಗ ಅವನಿಗೆ ಅವಸರ. ಅರ್ಜಿಯ ಗಡುವು ಮರುದಿನವೇ ಮುಗಿಯುತ್ತಿತ್ತು.

"ಒಳಗ ಹಗಲೊತ್ತು ಒಂದ ಬಲ್ಬ್ ಸುದ್ದಾ ಬ್ಯಾಡರಿ, ಸಾಹೇಬ್ರ," ಎಂದು ಪೆನ್ನು ಚಾಚಿದ.

ಫಾರಂ ತುಂಬಲು ನರಸಪ್ಪ ಹಿಂದಿನ ಮೆಟ್ಟಿಲಿನ ತಿರುವಿನಲ್ಲಿ ಕುಳಿತ. ಅಲ್ಲಿನ ಕಿಟಕಿಯಿಂದ ಕೆಳಗೆ ಒಂದು ತಗ್ಗು ಮನೆ ಕಂಡಿತು. ತೆರೆದ ಬಾಗಿಲೊಳಗೆ ಹಳದಿ ಬಲ್ಬು ಉರಿಯುತ್ತಿತ್ತು. ಯಾರ ಮನೆ ಎಂದು ಕೇಳಿದ. ಸರ್ವರಬೇಗಂ ಅಂತ, ಜಂಪರ್, ರವಿಕೆ ಹೊಲಿದು ಜೀವನ ಮಾಡುವ ಹೆಂಗಸು ಎಂದ ಕಲ್ಯಾಣಪ್ಪ. ಹಗಲಲ್ಲಿ ದೀಪ ಯಾಕೆ ಎಂದದ್ದಕ್ಕೆ ಮಾತ್ರ, ಚಹಾ ಆರುತ್ತದೆ ಎಂದ. ನರಸಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ. ಎರಡು ಸಲ ಪೆನ್ನು ಊರಿದ, ಎರಡು ಸಲ ಎತ್ತಿದ. ಕಡೆಗೆ ಫಾರಂ ಮಡಚಿಕೊಂಡು ಇಳಿದು ಹೋದ.

ಕಟ್ಟಡಕ್ಕೂ ಆ ಮನೆಗೂ ನಡುವೆ ಮೂರು ಫೂಟಿನ ಸಂದಿ. ಮನೆಯ ಬಾಗಿಲು, ಇದ್ದ ಒಂದೇ ಕಿಟಕಿ, ಎರಡೂ ಸಂದಿಯ ಕಡೆಗೇ. ಕಿಟಕಿಯಾಚೆ ಕೈಗೆ ಸಿಗುವಷ್ಟು ಹತ್ತಿರ ಗಿಲಾವು ಕಾಣದ ಕಪ್ಪುಕಲ್ಲಿನ ಗೋಡೆ ಎರಡು ಅಂತಸ್ತು ಎದ್ದು ನಿಂತಿತ್ತು. ಮೇಲೆ ಚಾಚಿದ ಸಜ್ಜಾ ಇದ್ದಷ್ಟು ಆಕಾಶವನ್ನೂ ಮುಚ್ಚಿತ್ತು. ಕರೆಂಟ್ ಆಫೀಸಿನವರೆಂದು ಗೊತ್ತಾದದ್ದೇ ಸರ್ವರಬೇಗಂ ಹೊಲಿಗೆ ನಿಲ್ಲಿಸಿ ಎದ್ದಳು. ಆಕೆಯ ಮುಖದಲ್ಲಿ ಸಮಾಧಾನವಿತ್ತು.

"ಅಂತೂ ಬಂದ್ರಿ. ಮೂರ್ ಸಲ ಅರ್ಜಿ ಕೊಟ್ಟೀನ್ರಿ. ಮೀಟರ್ ಕೆಟ್ಟದ. ಐದು ತಿಂಗಳಾತು, ಬಿಲ್ಲು ಡಬ್ಬಲ್ ಬರ್ಲಿಕತ್ತದ."

ಮನೆಯಲ್ಲಿ ಇದ್ದುದು ಅದೊಂದೇ ಬಲ್ಬು. ಅದನ್ನು ಆರಿಸಿದ ಮೇಲೂ ಮೀಟರಿನ ಚಕ್ರ ತಿರುಗುತ್ತಿದ್ದರೆ ಮೀಟರು ಕೆಟ್ಟಿದೆ ಎಂದು ಅರ್ಥ. ನರಸಪ್ಪ ಒಳಮೂಲೆಯ ಮೀಟರಿನ ಮುಂದೆ ನಿಂತು ದೀಪದ ಬಟನ್ ಒತ್ತಲು ಹೇಳಿದ. ಆಕೆ ಒತ್ತಿದಳು. ಮೂಲೆ ಕತ್ತಲಾಯಿತು. ಎದುರಿಗಿದ್ದ ಮೀಟರೇ ಕಾಣಲಿಲ್ಲ. ಕಿಸೆ ತಡಕಾಡಿ ಬೆಂಕಿಪೊಟ್ಟಣ ತೆಗೆದ, ಕಡ್ಡಿ ಗೀರಿ ಗಾಜಿನ ಹತ್ತಿರ ಹಿಡಿದ. ಚಕ್ರ ಅಲುಗಾಡದೆ ನಿಂತಿತ್ತು. ಕಡ್ಡಿ ಬೆರಳಿಗೆ ತಾಗುವವರೆಗೂ ನೋಡುತ್ತಲೇ ಇದ್ದ.

"ಮೀಟರ್ ಛಲೋ ಅದರಿ, ಅಮ್ಮಾ."

ಕತ್ತಲಲ್ಲೇ ಆಕೆ ಅವನತ್ತ ತಿರುಗಿದಳು. "ಮೀಟರಿಂದು ತಪ್ಪಿಲ್ಲಂದ್ರ, ಮತ್ತ ಯಾರದರಿ?"

ಸಿಟ್ಟಿನಿಂದ ಕೇಳಿದ್ದಲ್ಲ. ತಿಳಿದವನು ಹೇಳಿಯಾನು ಎಂಬಂತೆ ಕೇಳಿದಳು. ಅವನು ಸುಟ್ಟ ಕಡ್ಡಿಯನ್ನು ಬಾಗಿಲಾಚೆ ಎಸೆದ. ಸಂಜೆಗೆ ಜಂಪರ್ ಕೊಡುವುದಿದೆ ಎಂದು ಆಕೆ ಬಲ್ಬು ಹಚ್ಚಿ ಮತ್ತೆ ಹೊಲಿಯಲು ಕುಳಿತಳು.

ನರಸಪ್ಪ ತಿರುಗಿ ಬರುವಷ್ಟರಲ್ಲಿ ಕಲ್ಯಾಣಪ್ಪ ಅರ್ಧ ಮೆಟ್ಟಿಲು ಇಳಿದು ನಿಂತಿದ್ದ. ಕೇಳುವ ಮೊದಲೇ ಹೇಳಿದ: "ನನ್ನ ಜಾಗಾದಾಗ ಕಟ್ಟೀನ್ರಿ. ಮೂರು ಫೂಟ್ ಬಿಟ್ಟೀನಿ. ಎಲ್ಲಾ ಕಾಯ್ದೆ ಪ್ರಕಾರ ಅದ."

ಅದು ನಿಜವೇ ಆಗಿತ್ತು. ನಿಜವೆಂದು ನರಸಪ್ಪನೂ ಒಪ್ಪಿದ. ನೋಡಲು ಬಂದದ್ದು ಈ ಕಟ್ಟಡವನ್ನು, ಆ ಮನೆಯನ್ನಲ್ಲ. ಕಟ್ಟಡದಲ್ಲಿ ತೆಗೆಯಲು ಒಂದು ಕುಂದೂ ಇರಲಿಲ್ಲ. ಮೈಯಲ್ಲಿ ಆರಾಮಿಲ್ಲವೆಂದು ಹೊರಟುಬಿಡೋಣವೇ, ನಾಳೆ ಬೇರೆ ಯಾರಾದರೂ ಬಂದು ಸಹಿ ಮಾಡಲಿ ಎಂದುಕೊಂಡ. ಹೊರಡಲಿಲ್ಲ. ಅದೇ ತಿರುವಿನಲ್ಲಿ ಕುಳಿತು ತುಂಬಲು ಶುರು ಮಾಡಿದ. ಕಿಟಕಿಗಳು ಎಷ್ಟು, ಗೋಡೆಗೆ ಸುಣ್ಣ ಇದೆಯೇ, ಗಾಳಿ ಆಡುತ್ತದೆಯೇ. ಎಲ್ಲಕ್ಕೂ ಇದ್ದದ್ದನ್ನೇ ಬರೆದ. ಕೊನೆಯ ಸಾಲಿನಲ್ಲಿ, ಕಟ್ಟಡದಿಂದಾಗಿ ಹಗಲು ಉರಿಸಬೇಕಾಗುವ ದೀಪಗಳ ಸಂಖ್ಯೆ ಎಂದಿತ್ತು. ಅಲ್ಲಿ ಸೊನ್ನೆ ಇದ್ದರಷ್ಟೇ ರಿಯಾಯಿತಿ. ನರಸಪ್ಪ 'ಒಂದು' ಎಂದು ಬರೆದ, ಸಹಿ ಮಾಡಿದ, ಕಾಗದವನ್ನು ಕಲ್ಯಾಣಪ್ಪನ ಕೈಗೆ ಕೊಟ್ಟ.

ಕಲ್ಯಾಣಪ್ಪ ಓದಿದ. ಮುಖ ಬಿಗಿಯಿತು. ಕೊನೆಯ ಸಾಲಿನ ಮೇಲೆ ಬೆರಳಿಟ್ಟ. ಕೆಳಗಿನಿಂದ ಹೊಲಿಗೆ ಮಷೀನಿನ ಸದ್ದು ಬರುತ್ತಲೇ ಇತ್ತು. ಅದು ಯಾವ ದೀಪ ಎಂದು ಅವನು ಕೇಳಲಿಲ್ಲ.