ಕೆರೆದ ಚುಕ್ಕೆ

"ಬಾಯಿ ತೆಗೀರಿ, ಅತ್ತಿ," ಎಂದಳು ಸೊಸೆ ಶೈಲಶ್ರೀ. ಸುಂದರಾಬಾಯಿ ತೆಗೆಯಲಿಲ್ಲ. ಮೂಳೆ ಟೊಳ್ಳಾಗಿ ಸೊಂಟ ಮುರಿದುಕೊಂಡ ಮುದುಕಿ ಅವಳು. ಮಿಯಾಪುರದ ಈ ಒಂಬತ್ತನೇ ಮಹಡಿಯಲ್ಲಿ ಸೊಸೆ ಎತ್ತಿದರೆ ಮಾತ್ರ ಏಳಬೇಕು.

"ಯಾತರ ಗುಳಿಗಿ ಇದು?"

"ಸಮುದ್ರದ ಪಾಚೀದ್ರಿ. ಎಲುಬು ಗಟ್ಟಿ ಆಗಬಹುದು ಅಂದಾರ ಡಾಕ್ಟರು."

ಸುಂದರಾಬಾಯಿ ಡಬ್ಬಿ ಕಸಿದುಕೊಂಡಳು. ಇಂಗ್ಲಿಷ್ ಓದಲು ಬಾರದಿದ್ದರೂ ಸಸ್ಯಾಹಾರಕ್ಕೆ ಹಸಿರು ಚುಕ್ಕೆ, ಮಾಂಸಾಹಾರಕ್ಕೆ ಕೆಂಪು ಚುಕ್ಕೆ ಎಂಬುದು ಗೊತ್ತಿತ್ತು. ಬಿಸ್ಕೀಟು ತಂದರೂ ಮೊದಲು ಅದನ್ನೇ ನೋಡುವವಳು. ಇಲ್ಲಿ ಆ ಜಾಗವನ್ನೇ ಯಾರೋ ಉಗುರಿನಿಂದ ಕೆರೆದಿದ್ದರು.

"ಪಾಚಿ ಆಗಿದ್ರ ಯಾಕ ಕೆರದಿ?"

"ಮೀನಿನ ಎಲುಬಿಂದೈತ್ರಿ. ಬ್ಯಾಡಾದ್ರ ಬಿಡ್ರಿ. ನಿಮ್ಮನ್ನ ಎತ್ತಿ ಎತ್ತಿ ನನ್ನ ಸೊಂಟಾನೂ ಮುರೀಲಿ, ಇಬ್ರೂ ಮಲಗೋಣು!"

ಸುಂದರಾಬಾಯಿ ಕೊರಳಿನ ಲಿಂಗದ ಕರಡಿಗೆಯ ಮೇಲೆ ಸೆರಗು ಹೊದಿಸಿದಳು. ಆಮೇಲೆ ಬಾಯಿ ತೆರೆದಳು.